ಯಾವ ಸರಿ ಸರಿ?

ಹಳೇ ಮೈಸೂರಿನ ಕಡೆ ‘ಸರಿ’ ಅನ್ನೋ ಮಾತಿಗೆ ಎರಡು ಅರ್ಥ. ಒಂದು, ತಪ್ಪಲ್ಲದ್ದು. ಇನ್ನೊಂದು, ಆರು ತಿಂಗಳ ಕೂಸಿನ ಬಟ್ಟಲಲ್ಲಿರೋ ರಾಗಿಯ ತೆಳು ಗಂಜಿ. ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿ ಡಬ್ಬಿಗೆ ತುಂಬಿಟ್ಟರೆ ಅದು ಸರಿಹಿಟ್ಟು. ಕರಾವಳಿಗೆ ಹೋದರೆ ಇದೇ ಸಂಬಂಧಿಕರ ಹೆಸರು ಮಣ್ಣಿ. ಅಲ್ಲಿ ನೆನೆಸಿದ ರಾಗಿಯನ್ನು ಅರೆದು, ಹಾಲು ತೆಗೆದು, ಆ ಹಾಲನ್ನು ಒಲೆ ಮೇಲೆ ಮಗುಚಿ ಗಟ್ಟಿ ಮಾಡ್ತಾರೆ.

ಮಗುವಿನ ಮೊದಲ ತುತ್ತು ಯಾವಾಗ, ಯಾವುದು, ಎಷ್ಟು? ಇದು ಅಡುಗೆಮನೆಯೊಳಗಿನ ಸಣ್ಣ ಪ್ರಶ್ನೆ ಅನ್ನಿಸುತ್ತೆ. ಆದರೆ ಈ ಬಟ್ಟಲಿನ ಸುತ್ತ ಕೂತು ಅಪ್ಪಣೆ ಕೊಟ್ಟವರ ಪಟ್ಟಿ ನೋಡಿ: ಸೂತ್ರಕಾರರು, ವೈದ್ಯರು, ಡಬ್ಬಿ ಕಂಪನಿಗಳು, ಪಾರ್ಲಿಮೆಂಟು, ವಿಶ್ವಸಂಸ್ಥೆ. ಇವರೆಲ್ಲರ ನಡುವೆ, ಯಾವ ಪುಸ್ತಕದಲ್ಲೂ ಹೆಸರಿಲ್ಲದ ಅಜ್ಜಿ. ಈ ಜಗಳಕ್ಕೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ.

ಸೂತ್ರಕಾರರ ಬಟ್ಟಲು

ಅನ್ನಪ್ರಾಶನ ಆರನೇ ತಿಂಗಳಿಗೆ ಅಂತ ನಾವು ಹೇಳೋದು ಹಳೇ ಮಾತೇ. ಆಶ್ವಲಾಯನ ಗೃಹ್ಯಸೂತ್ರ, ಮನುಸ್ಮೃತಿ ಎರಡೂ ಆರನೇ ತಿಂಗಳು ಅನ್ನುತ್ತವೆ. ಸುಶ್ರುತ ಸಂಹಿತೆಯೂ ಆರನೇ ತಿಂಗಳಲ್ಲಿ ಹಗುರವಾದ, ಮೈಗೆ ಹಿತವಾದ ಅನ್ನ ಕೊಡಬೇಕು ಅನ್ನುತ್ತೆ. ಇಷ್ಟನ್ನು ಓದಿ ‘ನಮ್ಮೋರಿಗೆ ಎಲ್ಲ ಮೊದಲೇ ಗೊತ್ತಿತ್ತು’ ಅಂತ ಎದೆ ತಟ್ಟಿಕೊಳ್ಳೋದು ಸುಲಭ. ಮುಂದಿನ ಸಾಲು ಓದಿದರೆ ತಟ್ಟೋ ಕೈ ಸ್ವಲ್ಪ ನಿಧಾನ ಆಗುತ್ತೆ.

ಯಾಕೆಂದರೆ ಆಶ್ವಲಾಯನ ಸೂತ್ರದ ಮೊದಲ ತುತ್ತಿನ ಪಟ್ಟಿಯಲ್ಲಿ ಆಡಿನ ಮಾಂಸ ಇದೆ, ತಿತ್ತಿರಿ ಹಕ್ಕಿಯ ಮಾಂಸ ಇದೆ, ತುಪ್ಪದ ಅನ್ನವೂ ಇದೆ. ಮಗು ಏನಾಗಬೇಕು ಅಂತ ಅಪ್ಪನಿಗೆ ಆಸೆಯೋ ಅದರಂತೆ ಆಯ್ಕೆ. ಪಾರಸ್ಕರ ಗೃಹ್ಯಸೂತ್ರದ ಪಟ್ಟಿ ಇನ್ನೂ ಉದ್ದ. ಮಾತು ಸರಾಗವಾಗಿ ಬರಲಿ ಅಂದರೆ ಭಾರದ್ವಾಜ ಹಕ್ಕಿಯ ಮಾಂಸ, ಮಗು ಚುರುಕಾಗಲಿ ಅಂದರೆ ಮೀನು. ಇವತ್ತು ಅನ್ನಪ್ರಾಶನಕ್ಕೆ ಪಾಯಸ ಮಾಡಿ ಮಂತ್ರ ಹೇಳಿಸೋ ಮನೆಗಳಲ್ಲಿ ಈ ಸಾಲುಗಳನ್ನು ಯಾರೂ ಜೋರಾಗಿ ಓದೋದಿಲ್ಲ.

ತಿಂಗಳ ಲೆಕ್ಕದಲ್ಲೂ ಒಮ್ಮತ ಇರಲಿಲ್ಲ. ಮಕ್ಕಳ ವೈದ್ಯಕ್ಕೇ ಮೀಸಲಾದ ಹಳೆಯ ಗ್ರಂಥ ಕಾಶ್ಯಪ ಸಂಹಿತೆ. ಅದರ ಪ್ರಕಾರ ಆರನೇ ತಿಂಗಳಿಗೆ ಹಣ್ಣಿನ ರುಚಿ ತೋರಿಸಬೇಕು, ಅನ್ನ ಹತ್ತನೇ ತಿಂಗಳಿಗೆ. ವಾಗ್ಭಟನ ಅಷ್ಟಾಂಗಹೃದಯ ಇನ್ನೂ ಮುಂದಕ್ಕೆ ಹೋಗಿ, ಮೊಲೆ ಬಿಡಿಸಿದ ಮಗುವಿಗೆ ಒಂದು ಉಂಡೆ ಹೇಳುತ್ತೆ: ಪ್ರಿಯಾಲದ, ಅಂದರೆ ಚಾರೋಳಿಯ ತಿರುಳು, ಜೇಷ್ಠಮಧು, ಜೇನು, ಅರಳು, ಕಲ್ಲುಸಕ್ಕರೆ. ಎಣ್ಣೆಕಾಳಿನ ಜಿಡ್ಡು, ಬೇಗ ಅರಗೋ ಹಿಟ್ಟು, ಸಿಹಿ. ಒಂದು ಉಂಡೆಯಲ್ಲಿ ಎಷ್ಟು ಬಲ ತುಂಬಬಹುದು ಅಂತ ಆ ವೈದ್ಯರು ಯೋಚಿಸಿದ್ದಾರೆ.

ಈ ಗ್ರಂಥಗಳಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಅನ್ನಪ್ರಾಶನಕ್ಕೆ ಸ್ವಲ್ಪ ಮುಂಚೆ ಅಥವಾ ಅದೇ ಹೊತ್ತಿಗೆ ಮಗುವನ್ನು ನೆಲದ ಮೇಲೆ ಕೂರಿಸೋ ಒಂದು ಸಂಸ್ಕಾರ ಇದೆ, ಉಪವೇಶನ ಅಂತ. ಕೂರೋದಕ್ಕೂ ಉಣ್ಣೋದಕ್ಕೂ ನಂಟಿದೆ ಅನ್ನೋದನ್ನು ಯಾರೋ ಕಂಡುಕೊಂಡಿದ್ದರು. ಕತ್ತು ನಿಲ್ಲದ ಕೂಸಿಗೆ ತುತ್ತು ಇಟ್ಟರೆ ನೆತ್ತಿಗೆ ಹತ್ತುತ್ತೆ. ಹುಟ್ಟಿದ ಹೊಸದರಲ್ಲಿ ಬಾಯಿಗೆ ಏನಿಟ್ಟರೂ ನಾಲಿಗೆ ಹೊರಗೆ ತಳ್ಳುತ್ತೆ. ಆ ಚಾಳಿ ನಾಲ್ಕರಿಂದ ಆರು ತಿಂಗಳ ಒಳಗೆ ಕಡಿಮೆಯಾಗುತ್ತೆ. ಪಂಚಾಂಗಕ್ಕಿಂತ ಮುಂಚೆ ಮೈ ಮುಹೂರ್ತ ಇಡುತ್ತೆ.

ಹಬ್ಬಕ್ಕೆ ಅಕ್ಕಿ, ದಿನಕ್ಕೆ ರಾಗಿ

ಅನ್ನಪ್ರಾಶನದ ಬೆಳ್ಳಿ ಬಟ್ಟಲಲ್ಲಿ ಇರೋದು ಅಕ್ಕಿಯ ಪಾಯಸ. ಮಾರನೇ ದಿನದಿಂದ ಬಯಲುಸೀಮೆಯ ಮಗು ತಿನ್ನೋದು ರಾಗಿ. ಧಾನ್ಯಗಳ ಈ ಮೇಲು-ಕೀಳು ಕನಕದಾಸರ ಕಾಲಕ್ಕೇ ಕಣ್ಣಿಗೆ ಬಿದ್ದಿತ್ತು. ಹದಿನಾರನೇ ಶತಮಾನದ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಯಾರು ದೊಡ್ಡವರು ಅಂತ ವ್ಯಾಜ್ಯ ಬೀಳುತ್ತೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಕೊನೆಗೆ ಕುಗ್ಗದೆ ನಿಂತ ರಾಗಿ ಗೆಲ್ಲುತ್ತೆ. ಅಲ್ಲೂ ಆರು ತಿಂಗಳೇ!

ನಮ್ಮದೇ ನಮ್ಮದೇ ಅಂತ ನಾವು ಹೇಳಿಕೊಳ್ಳೋ ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ನಾಡಿನದು. ಇಥಿಯೋಪಿಯಾ, ಉಗಾಂಡದ ಕಡೆಯಿಂದ ಸಾವಿರಾರು ವರ್ಷಗಳ ಹಿಂದೆ ಬಂದು ಇಲ್ಲಿನ ಕೆಂಪು ಮಣ್ಣಿಗೆ ಒಗ್ಗಿಕೊಂಡಿತು. ಇಪ್ಪತ್ತನೇ ಶತಮಾನದಲ್ಲಿ ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಹೆಸರಾದ ವಿಜ್ಞಾನಿ ಮಂಡ್ಯದಲ್ಲಿ ಇಲ್ಲಿನ ತಳಿಗೆ ಆಫ್ರಿಕದ ತಳಿ ಸೇರಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ದೂರವಾಗಿದ್ದ ನೆಂಟರು ಮತ್ತೆ ಒಂದಾದರು. ನಮ್ಮ ಎಷ್ಟೋ ಜನರ ಬಾಲ್ಯದ ಸರಿ ಈ ಮದುವೆಯ ಫಲ.

ರಾಗಿಯ ಬಲ ಅದರ ಸುಣ್ಣದಲ್ಲಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹಲ್ಲು, ಮೂಳೆ ಕಟ್ಟೋ ವಯಸ್ಸಿಗೆ ಇದು ಸಣ್ಣ ವಿಷಯ ಅಲ್ಲ. ಆದರೆ ರಾಗಿಯ ದೊಡ್ಡ ಗುಟ್ಟು ಬೇರೆಯೇ ಇದೆ, ಅದು ಆ ಮೊಳಕೆಯಲ್ಲಿದೆ. ಅದನ್ನು ಹೇಳೋ ಮೊದಲು ಒಂದು ಸುತ್ತು ಯುರೋಪಿಗೆ ಹೋಗಿಬರಬೇಕು.

ಡಬ್ಬಿಯ ಕಾಲ

1865ರಲ್ಲಿ ಜರ್ಮನಿಯ ಹೆಸರಾಂತ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫೋನ್ ಲೀಬಿಗ್ ಮಕ್ಕಳಿಗೆ ಒಂದು ಗಂಜಿಯ ಸೂತ್ರ ಪ್ರಕಟಿಸಿದ. ಗೋಧಿ ಹಿಟ್ಟು, ಹಾಲು, ಒಂದಿಷ್ಟು ಕ್ಷಾರ, ಜೊತೆಗೆ ಮಾಲ್ಟ್. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಎರಡೇ ವರ್ಷಕ್ಕೆ, 1867ರಲ್ಲಿ, ಸ್ವಿಟ್ಜರ್ಲೆಂಡಿನ ವೆವೆ ಊರಲ್ಲಿ ಹೆನ್ರಿ ನೆಸ್ಲೆ ಹಾಲು, ಗೋಧಿ ಹಿಟ್ಟು, ಸಕ್ಕರೆ ಸೇರಿಸಿದ ‘ಫಾರೀನ್ ಲಾಕ್ಟೆ’ಯನ್ನು ಮಾರುಕಟ್ಟೆಗೆ ತಂದ. ಅದಾದ ಕೆಲವು ವರ್ಷಕ್ಕೆ ಹಾರ್ಲಿಕ್ ಅಣ್ಣತಮ್ಮಂದಿರು ಅಮೆರಿಕದಲ್ಲಿ ಮಾಲ್ಟಿನ ಪುಡಿ ಮಾಡಲು ಶುರು ಮಾಡಿದರು. ನಮ್ಮಲ್ಲಿ ಜ್ವರ ಬಿಟ್ಟವರಿಗೂ ಪರೀಕ್ಷೆಗೆ ಓದೋ ಹುಡುಗರಿಗೂ ಕಲಸಿ ಕೊಟ್ಟ ಹಾರ್ಲಿಕ್ಸ್ ಮೊದಲು ಹುಟ್ಟಿದ್ದು ಕೂಸುಗಳ ಆಹಾರವಾಗಿ.

ಡಬ್ಬಿ ಬಂದ ಮೇಲೆ ತಿಂಗಳ ಲೆಕ್ಕ ಉಯ್ಯಾಲೆ ಆಡಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ತಾಯಂದಿರಿಗೆ ವೇದವಾಕ್ಯವಾಗಿದ್ದ ವೈದ್ಯ ಎಮ್ಮೆಟ್ ಹೋಲ್ಟ್ ಗಟ್ಟಿ ಆಹಾರದ ವಿಷಯದಲ್ಲಿ ಮಹಾ ಬಿಗಿ. ತರಕಾರಿಗಂತೂ ಇನ್ನೂ ಬಹಳ ದಿನ ಕಾಯಬೇಕು. 1928ರಲ್ಲಿ ಗರ್ಬರ್ ಕಂಪನಿ ಅರೆದ ತರಕಾರಿಯನ್ನು ಡಬ್ಬಿಯಲ್ಲಿ ಮಾರತೊಡಗಿದ ಮೇಲೆ ಕಾಯೋ ತಾಳ್ಮೆ ಕರಗಿತು. 1950ರ ದಶಕಕ್ಕೆ ವಾಲ್ಟರ್ ಸ್ಯಾಕೆಟ್ ಅನ್ನೋ ವೈದ್ಯ ಹುಟ್ಟಿದ ಎರಡು-ಮೂರು ದಿನಕ್ಕೇ ಧಾನ್ಯದ ಗಂಜಿ ಕೊಡಿ ಅನ್ನುವಲ್ಲಿಗೆ ಬಂದಿದ್ದ! ಮಗುವಿನ ಹೊಟ್ಟೆ ಬದಲಾಗಿರಲಿಲ್ಲ. ಬದಲಾಗಿದ್ದು ಅಂಗಡಿಯ ಶೆಲ್ಫು.

ಈ ಗಾಳಿ ನಮಗೂ ಬೀಸಿತು. ಗ್ಲ್ಯಾಕ್ಸೋ ಡಬ್ಬಿ, ಆಮೇಲೆ ಫ್ಯಾರೆಕ್ಸ್, ಆಮೇಲೆ ಸೆರೆಲ್ಯಾಕ್. ದುಂಡುದುಂಡಗಿದ್ದ ಕೂಸನ್ನು ನೋಡಿದರೆ ‘ಗ್ಲ್ಯಾಕ್ಸೋ ಬೇಬಿ ಥರ ಇದೆ’ ಅನ್ನೋ ಹೊಗಳಿಕೆ ಕನ್ನಡದ ಮನೆಗಳಿಗೂ ಬಂತು. ಡಬ್ಬಿ ಖಾಲಿಯಾದ ಮೇಲೆ ಅದರಲ್ಲಿ ಸಾಸಿವೆ, ಮೆಂತ್ಯ ಸೇರಿದವು. ನಾಲ್ಕು ಜನ ಕಾಣುವ ಹಾಗೆ ಡಬ್ಬಿ ಇಡೋದೂ ಒಂದು ಅಂತಸ್ತು. ಸರಿಹಿಟ್ಟಿಗೆ ಅಂಥ ಲೇಬಲ್ ಇರಲಿಲ್ಲ. ಅದು ಬಡವರ ಗಂಜಿ ಅನ್ನಿಸಿಕೊಂಡಿತು.

ಡಬ್ಬಿಯಿಂದ ಆದ ಹಾನಿಯನ್ನು ಜಗತ್ತು ತಡವಾಗಿ ಲೆಕ್ಕ ಹಾಕಿತು. ಜಮೈಕಾದಲ್ಲಿ ಹುಟ್ಟಿದ ವೈದ್ಯೆ ಸಿಸಿಲಿ ವಿಲಿಯಮ್ಸ್ ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಾ, ಮೈ ಊದಿಕೊಂಡು ಕೂದಲು ಕೆಂಚಾಗಿ ಸಾಯುತ್ತಿದ್ದ ಮಕ್ಕಳನ್ನು ನೋಡಿದಳು. ಅಲ್ಲಿನ ತಾಯಂದಿರು ಅದಕ್ಕೆ ಇಟ್ಟಿದ್ದ ಹೆಸರನ್ನೇ 1935ರಲ್ಲಿ ವೈದ್ಯಲೋಕಕ್ಕೆ ಕೊಟ್ಟಳು: ಕ್ವಾಶಿಯೋರ್ಕರ್. ಇನ್ನೊಂದು ಕೂಸು ಹುಟ್ಟಿದಾಗ ಮೊಲೆಯಿಂದ ಇಳಿಸಲ್ಪಟ್ಟ ಮಗುವಿಗೆ ಬರೋ ಕಾಯಿಲೆ ಅಂತ ಅದರ ಅರ್ಥ. ಬರೀ ಜೋಳದ ಗಂಜಿ ಕುಡಿದು ಬೆಳೆದ ಮಕ್ಕಳು ಅವು. ಅದೇ ವಿಲಿಯಮ್ಸ್ 1939ರಲ್ಲಿ ಸಿಂಗಪುರದ ಒಂದು ಭಾಷಣದಲ್ಲಿ, ಎದೆಹಾಲಿನ ಬದಲು ಡಬ್ಬಿಯ ಸಿಹಿ ಹಾಲು ಕುಡಿಸುವಂತೆ ಪ್ರಚಾರ ಮಾಡೋದನ್ನು ಕೊಲೆ ಅಂತಲೇ ಕರೆದಳು. 1974ರಲ್ಲಿ ಲಂಡನ್ನಿನಿಂದ ‘ದಿ ಬೇಬಿ ಕಿಲ್ಲರ್’ ಅನ್ನೋ ಪುಸ್ತಿಕೆ ಬಂತು. 1977ರಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಹಾಲುಪುಡಿ ಮಾರಾಟಕ್ಕೆ ನೀತಿಸಂಹಿತೆ ಮಾಡಿತು. ಪರವಾಗಿ 118 ಮತ, ವಿರುದ್ಧ ಒಂದೇ ಒಂದು, ಅಮೆರಿಕದ್ದು.

ನಮ್ಮ ದೇಶ ಇನ್ನೂ ಬಿಗಿಯಾಯಿತು. 1992ರ ಕಾನೂನು ಮತ್ತು ಅದರ 2003ರ ತಿದ್ದುಪಡಿ ಸೇರಿ, ಎರಡು ವರ್ಷದ ಒಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತೇ ನಿಷಿದ್ಧ. ಡಬ್ಬಿ ಮೇಲೆ ತಾಯಿ-ಮಗುವಿನ ಚಿತ್ರ ಹಾಕುವಂತಿಲ್ಲ. ಗ್ಲ್ಯಾಕ್ಸೋ ಬೇಬಿಗಳು ಗೋಡೆಯಿಂದ ಇಳಿದದ್ದು ಹೀಗೆ. ಕಥೆ ಅಲ್ಲಿಗೇ ಮುಗಿಯಲಿಲ್ಲ. 2024ರ ಏಪ್ರಿಲಿನಲ್ಲಿ ಸ್ವಿಸ್ ಸಂಸ್ಥೆ ಪಬ್ಲಿಕ್ ಐ ಹೊರತಂದ ವರದಿ, ಭಾರತದಲ್ಲಿ ಮಾರೋ ಸೆರೆಲ್ಯಾಕಿನ ಒಂದೊಂದು ಹೊತ್ತಿನ ಪಾಲಿನಲ್ಲಿ ಸರಾಸರಿ ಮೂರು ಗ್ರಾಮಿನಷ್ಟು ಸಕ್ಕರೆ ಸೇರಿಸಿದೆ, ಕಂಪನಿಯ ಸ್ವಂತ ನಾಡಲ್ಲಿ ಮಾರೋದರಲ್ಲಿ ಸೇರಿಸಿಲ್ಲ ಅಂತ ತೋರಿಸಿತು.

ಮೈಸೂರಿನ ಪಾಲು

ಇನ್ನು ಆ ಮೊಳಕೆಯ ಗುಟ್ಟು. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ನಮ್ಮ ಸಿಎಫ್‌ಟಿಆರ್‌ಐ, ಶುರುವಾಯಿತು. ಮಗುವಿನ ಹಾಲುಪುಡಿಯನ್ನು ಹಸುವಿನ ಹಾಲಿನಿಂದ ಮಾತ್ರ ಮಾಡಬಹುದು ಅಂತ ಹೊರಗಿನವರು ನಂಬಿದ್ದ ಕಾಲದಲ್ಲಿ, ಎಮ್ಮೆ ಹಾಲಿನಿಂದ ಮಾಡೋ ವಿಧಾನವನ್ನು ಇಲ್ಲಿನವರು ಕಂಡುಹಿಡಿದರು. ಗುಜರಾತಿನ ಅಮುಲ್ ಅದನ್ನು ಕೈಗೆತ್ತಿಕೊಂಡು ಕಾರ್ಖಾನೆಯಲ್ಲಿ ಮಾಡಿ ತೋರಿಸಿತು. ವಿದೇಶಿ ಡಬ್ಬಿಗೆ ದೇಶಿ ಡಬ್ಬಿ ಎದುರಾಳಿಯಾಯಿತು.

ಅದೇ ಸಂಸ್ಥೆಯಲ್ಲಿ 1980ರ ಆಸುಪಾಸಿನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ದೇಶಿಕಾಚಾರ್ ರಾಗಿಯ ಮೊಳಕೆಯನ್ನು ಕೈಗೆತ್ತಿಕೊಂಡರು. ಅವರ ಮುಂದಿದ್ದ ಸಮಸ್ಯೆ ಇದು. ಯಾವುದೇ ಹಿಟ್ಟನ್ನು ನೀರಲ್ಲಿ ಕುದಿಸಿದರೆ ಪಿಷ್ಟ ಉಬ್ಬಿ ಅಂಟಂಟಾಗುತ್ತೆ. ಮಗು ನುಂಗುವಷ್ಟು ತೆಳ್ಳಗೆ ಮಾಡಲು ನೀರು ಸುರೀಬೇಕು. ನೀರು ಸುರಿದರೆ ಬಟ್ಟಲು ತುಂಬುತ್ತೆ, ಹೊಟ್ಟೆ ತುಂಬುತ್ತೆ, ಮೈಗೆ ಏನೂ ಹತ್ತೋದಿಲ್ಲ. ಮಗುವಿನ ಹೊಟ್ಟೆ ಹಿಡಿಯೋದು ತೂಕದ ಕೆಜಿಗೆ ಸುಮಾರು 30 ಮಿಲಿಲೀಟರ್. ಏಳು ಕೆಜಿ ಮಗುವಿಗೆ ಒಂದು ಲೋಟ. ಆ ಒಂದು ಲೋಟದಲ್ಲಿ ಹೆಚ್ಚು ಹಿಟ್ಟನ್ನು ಹಿಡಿಸೋದು ಹೇಗೆ?

ಮೊಳಕೆ ಬಂದ ಕಾಳಿನಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ. ಅದು ಪಿಷ್ಟದ ಉದ್ದ ಸರಪಳಿಯನ್ನು ಕತ್ತರಿಸುತ್ತೆ. ಹೀಗಾಗಿ ಮೊಳಕೆ ಹಿಟ್ಟಿನ ಗಂಜಿಗೆ ಹೆಚ್ಚು ಹಿಟ್ಟು ಹಾಕಿದರೂ ತೆಳ್ಳಗೇ ಇರುತ್ತೆ. ಲೀಬಿಗ್ ಬಾರ್ಲಿಯಿಂದ ಮಾಡಿದ್ದೂ ಇದನ್ನೇ. ನಮ್ಮ ಕಿರುಧಾನ್ಯಗಳಲ್ಲಿ ಈ ಕೆಲಸಕ್ಕೆ ರಾಗಿ ಬಹಳ ಒಳ್ಳೆಯದು ಅಂತ ಮೈಸೂರಿನವರು ತೋರಿಸಿದರು, ಅದಕ್ಕೆ ಮೊಳಕೆ ಹೆಸರುಕಾಳು ಸೇರಿಸಿ ಮಕ್ಕಳ ಆಹಾರವನ್ನೂ ರೂಪಿಸಿದರು. ಬರೋಡಾದಲ್ಲಿ ತಾರಾ ಗೋಪಾಲದಾಸ್ ಇನ್ನೊಂದು ದಾರಿ ಹಿಡಿದರು: ಮಾಮೂಲಿ ಗಂಜಿಗೆ ಒಂದು ಚಿಟಿಕೆ ಮೊಳಕೆ ಹಿಟ್ಟು ಉದುರಿಸಿದರೂ ಸಾಕು, ಗಟ್ಟಿ ಗಂಜಿ ನೀರಾಗುತ್ತೆ.

ಅಂದರೆ ಅಜ್ಜಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ ರಾಗಿಯೂ ಲೀಬಿಗ್‌ನ ಗಂಜಿಯೂ ಒಂದೇ ತಂತ್ರದ ಎರಡು ರೂಪ. ಇವತ್ತು ‘ರಾಗಿ ಮಾಲ್ಟ್’ ಅಂತ ಪ್ಯಾಕೆಟಿನಲ್ಲಿ ಬಂದದ್ದು ಹಳೇ ಸರಿಹಿಟ್ಟೇ, ಹೆಸರು ಮಾತ್ರ ಇಂಗ್ಲಿಷಿನದು. ಅಜ್ಜಿಯ ವಿಧಾನದಲ್ಲೂ ಒಂದೆರಡು ಎಚ್ಚರ ಬೇಕು. ಮೊಳಕೆ ರಾಗಿಯನ್ನು ಘಮ್ಮನ್ನೋ ತನಕ ಕಂದು ಬಣ್ಣಕ್ಕೆ ಹುರಿದರೆ ಕಿಣ್ವ ಸಾಯುತ್ತೆ. ತೀರಾ ನುಣ್ಣಗೆ ಜಾಲಿಸಿ ಹೊಟ್ಟು ಚೆಲ್ಲಿದರೆ ಅದರ ಜೊತೆ ಕ್ಯಾಲ್ಸಿಯಮ್ಮೂ ಸ್ವಲ್ಪ ಹೋಗುತ್ತೆ.

ಕೂತ ಮಗು, ನಡೆದ ಮಗು

ತುತ್ತಿನ ಲೆಕ್ಕದ ಜೊತೆಜೊತೆಗೆ ಬೆಳವಣಿಗೆಯ ಲೆಕ್ಕವೂ ಶುರುವಾಯಿತು. ಬೋರಲು ಬಿತ್ತಾ, ಅಂಬೆಗಾಲಿಟ್ಟಿತಾ, ಹೊಸ್ತಿಲು ದಾಟಿತಾ ಅಂತ ನಮ್ಮ ಮನೆಗಳು ಕೇಳುತ್ತಲೇ ಬಂದಿವೆ. ಮಗು ಹೊಸ್ತಿಲು ದಾಟಿದ ದಿನ ಅಲ್ಲಿ ಅರಿಶಿನ-ಕುಂಕುಮ ಇಟ್ಟು ಸಿಹಿ ಹಂಚೋ ಮನೆಗಳಿವೆ. ಚನ್ನಪಟ್ಟಣದ ಹತ್ತಿರದ ದೊಡ್ಡಮಳೂರಿನಲ್ಲಿ ದೇವರೇ ಅಂಬೆಗಾಲಿಟ್ಟಿದ್ದಾನೆ, ಮಕ್ಕಳನ್ನು ಬೇಡಿಕೊಂಡವರು ಅವನಿಗೆ ತೊಟ್ಟಿಲು ಒಪ್ಪಿಸಿ ಬರ್ತಾರೆ.

ಇದನ್ನು ಕೋಷ್ಟಕಕ್ಕೆ ಇಳಿಸಿದವರಲ್ಲಿ ಮುಖ್ಯ ಹೆಸರು ಅಮೆರಿಕದ ಯೇಲ್‌ನಲ್ಲಿದ್ದ ಆರ್ನಾಲ್ಡ್ ಗೆಸೆಲ್. 1920ರ ದಶಕದಲ್ಲಿ ಮಕ್ಕಳನ್ನು ನೋಡಿ, ಫಿಲ್ಮ್ ಮಾಡಿ, ಯಾವ ವಯಸ್ಸಿಗೆ ಏನು ಅಂತ ಬರೆದ. ಅಲ್ಲಿನ ಮಕ್ಕಳ ಅಳತೆ ಇಲ್ಲಿಗೆ ಹೊಂದುತ್ತಾ ಅನ್ನೋ ಪ್ರಶ್ನೆಗೆ ಬರೋಡಾದ ಪ್ರಮೀಳಾ ಫಾಟಕ್ ಭಾರತದ ಮಕ್ಕಳದೇ ಅಳತೆ ಮಾಡಿ ಉತ್ತರಿಸಿದರು. ಅದರಿಂದ 17 ಅಂಶ ಆರಿಸಿ ತಿರುವನಂತಪುರದವರು ಒಂದೇ ಹಾಳೆಯ ಚಾರ್ಟ್ ಮಾಡಿದರು. ಆಶಾ ಕಾರ್ಯಕರ್ತೆಯೂ ಬಳಸುವಷ್ಟು ಸರಳ.

2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕದ 816 ಮಕ್ಕಳನ್ನು ನೋಡಿ ಪ್ರಕಟಿಸಿದ ಫಲಿತಾಂಶ ನನಗೆ ಬಹಳ ಇಷ್ಟ. ಆಸರೆ ಇಲ್ಲದೆ ಕೂರೋದು 3.8ರಿಂದ 9.2 ತಿಂಗಳೊಳಗೆ. ಒಂಟಿಯಾಗಿ ನಡೆಯೋದು 8.2ರಿಂದ 17.6 ತಿಂಗಳೊಳಗೆ. ನೂರಕ್ಕೆ ನಾಲ್ಕು ಮಕ್ಕಳು ಮಂಡಿಯೂರಿ ಅಂಬೆಗಾಲಿಡಲೇ ಇಲ್ಲ, ಆದರೂ ನಡೆದರು. ಪಕ್ಕದ ಮನೆ ಮಗು ಹತ್ತು ತಿಂಗಳಿಗೆ ನಡೀತು, ನಿಮ್ಮದು ಇನ್ನೂ ಇಲ್ವಾ ಅಂತ ಕೇಳೋ ನೆಂಟರಿಗೆ ಈ ಅಂಕಿಗಳನ್ನು ತೋರಿಸಬೇಕು. ಮೈಲಿಗಲ್ಲು ಅನ್ನೋ ಪದವೇ ಸ್ವಲ್ಪ ಮೋಸದ್ದು. ಕಲ್ಲು ಒಂದು ಜಾಗದಲ್ಲಿ ನೆಟ್ಟಿರುತ್ತೆ, ಮಕ್ಕಳ ವಯಸ್ಸು ಹಾಗಲ್ಲ. ಹಾಗಂತ 17.6 ತಿಂಗಳು ದಾಟಿದರೂ ನಡೆಯದ ಮಗುವನ್ನು ‘ಅವರಪ್ಪನೂ ತಡವಾಗೇ ನಡೆದಿದ್ದು’ ಅಂತ ಮನೆಯಲ್ಲೇ ಇಟ್ಟುಕೊಳ್ಳಬಾರದು, ತೋರಿಸಬೇಕು.

ಅರ್ಧಕ್ಕಿಂತ ಹೆಚ್ಚು ಬಟ್ಟಲು ಖಾಲಿ

ತಿಂಗಳ ಲೆಕ್ಕ ಕೊನೆಗೆ ಎಲ್ಲಿ ನಿಂತಿತು? ನಾಲ್ಕರಿಂದ ಆರು ತಿಂಗಳು ಅನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಅಂತ ಗಟ್ಟಿಯಾಗಿ ಹೇಳಿತು. ಮೇಲ್ನೋಟಕ್ಕೆ ಸುಶ್ರುತನ ಆರನೇ ತಿಂಗಳಿಗೇ ಬಂದು ನಿಂತ ಹಾಗೆ. ಆದರೆ ಸೂತ್ರದ ಜೇನನ್ನು ಈಗಿನ ವೈದ್ಯ ಒಪ್ಪೋದಿಲ್ಲ. ಜೇನಿನಲ್ಲಿರಬಹುದಾದ ಬೀಜಾಣುವಿನಿಂದ ಕೂಸಿಗೆ ಬಾಟುಲಿಸಂ ಬರಬಹುದು ಅಂತ 1976ರಿಂದೀಚೆಗೆ ತಿಳಿದಿದೆ. ಒಂದು ವರ್ಷ ತುಂಬೋವರೆಗೆ ಬೆರಳಲ್ಲಿ ನೆಕ್ಕಿಸೋದೂ ಬೇಡ. ಇನ್ನೊಂದು ಕಡೆ, ಸೂತ್ರಕಾರರ ಮಾಂಸ, ಮೀನಿನ ಪಟ್ಟಿಯನ್ನು ಮುಚ್ಚಿಟ್ಟ ನಾವೇ ಮಕ್ಕಳ ತಟ್ಟೆಯಲ್ಲಿ ಮೊಟ್ಟೆ ಇರಬೇಕೋ ಬೇಡವೋ ಅಂತ 2021ರಲ್ಲಿ ರಾಜ್ಯದ ತುಂಬ ಜಗಳ ಆಡಿದೆವು. ಮಾಂಸ, ಮೀನು, ಮೊಟ್ಟೆಯಂಥವು ಮಗುವಿಗೆ ದಿನಾ ಸಿಗಲಿ ಅನ್ನೋದು 2023ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಆರು ತಿಂಗಳಿಗೆ ಯಾಕೆ ಅಷ್ಟು ಮಹತ್ವ? ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಪಡೆದ ಕಬ್ಬಿಣಾಂಶದ ದಾಸ್ತಾನು ಹೆಚ್ಚುಕಡಿಮೆ ಅಷ್ಟು ಹೊತ್ತಿಗೆ ಮುಗಿಯುತ್ತೆ. ಎದೆಹಾಲು ಅಮೃತವೇ, ಆದರೆ ಅದರಲ್ಲಿ ಕಬ್ಬಿಣ ಕಡಿಮೆ. ಅಲ್ಲಿಂದ ಮುಂದೆ ಬಟ್ಟಲು ಕೈಹಿಡಿಯಬೇಕು. ಆರರಿಂದ ಎಂಟು ತಿಂಗಳ ಮಗುವಿಗೆ ಹಾಲಿನ ಜೊತೆ ಆಹಾರದಿಂದ ದಿನಕ್ಕೆ 200 ಕ್ಯಾಲೊರಿಯಷ್ಟು ಬೇಕು, ಒಂದು ವರ್ಷ ದಾಟಿದರೆ 550.

ಬಟ್ಟಲು ಕೈಹಿಡಿಯುತ್ತಿಲ್ಲ ಅನ್ನೋದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಾಣುತ್ತೆ. ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜೊತೆ ಗಟ್ಟಿ ಆಹಾರ ಸಿಗುತ್ತಿರೋದು ನೂರಕ್ಕೆ 45.9 ಮಕ್ಕಳಿಗೆ. ಆರರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಮತ್ತು ತರಾವರಿ ಆಹಾರ ಸಿಗುತ್ತಿರೋದು ನೂರಕ್ಕೆ 11.3 ಮಕ್ಕಳಿಗೆ ಮಾತ್ರ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ. ಬೇಗ ತಿನ್ನಿಸಿಬಿಡ್ತಾರೆ ಅಂತ ಜಗತ್ತು ಅರ್ಧ ಶತಮಾನ ಹೋರಾಡಿತು. ನಮ್ಮಲ್ಲಿ ಈಗಿನ ದೊಡ್ಡ ತೊಂದರೆ ತಡವಾಗಿ, ಕಡಿಮೆ, ಒಂದೇ ಥರದ್ದು ತಿನ್ನಿಸೋದು.

ಇದಕ್ಕೆ ತಾಯಿಯನ್ನು ದೂರಿ ಪ್ರಯೋಜನ ಇಲ್ಲ. ಸರಿಹಿಟ್ಟು ಮಾಡಲು ಮೂರು ದಿನ ಬೇಕು. ಸರಿ ತಿನ್ನಿಸಲು ದಿನಕ್ಕೆ ಮೂರು ಸಲ, ಒಂದೊಂದು ಸಲ ಮುಕ್ಕಾಲು ಗಂಟೆ ಬೇಕು. ಚಂದಮಾಮನನ್ನು ತೋರಿಸಬೇಕು, ಕಾಗೆ ಕರೀಬೇಕು. ಕೂಲಿಗೆ ಹೋಗೋ ಹೆಂಗಸಿಗೆ, ಗಾರ್ಮೆಂಟ್ಸಿನ ಪಾಳಿಯಲ್ಲಿ ನಿಂತವಳಿಗೆ ಈ ಹೊತ್ತನ್ನು ಕೊಟ್ಟವರಾರು? ಅಜ್ಜಿಯ ಜ್ಞಾನದ ಬಗ್ಗೆ ನಾವು ಹಾಡಿ ಹೊಗಳುತ್ತೇವೆ, ಅಜ್ಜಿಯ ದುಡಿಮೆಯ ಗಂಟೆಗಳನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ. ಡಬ್ಬಿ ಗೆದ್ದದ್ದು ಜಾಹೀರಾತಿನಿಂದ ಮಾತ್ರ ಅಲ್ಲ, ಅದು ಹೊತ್ತು ಉಳಿಸಿದ್ದರಿಂದಲೂ.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟಿದ್ದು ಟಿ. ನರಸೀಪುರದಲ್ಲಿ. ಅಲ್ಲಿಂದ ಬೆಳೆದ ಅಂಗನವಾಡಿಗಳೇ ಇವತ್ತು ಎಷ್ಟೋ ಮಕ್ಕಳಿಗೆ ಸರಿಹಿಟ್ಟಿನ ಅಜ್ಜಿ. ಅಲ್ಲಿ ಕೊಡೋ ಪುಡಿಯ ಪೊಟ್ಟಣ ಮನೆಗೆ ಬಂದ ಮೇಲೆ ಮನೆಯವರೆಲ್ಲ ಹಂಚಿಕೊಂಡು ಕುಡಿಯೋದೂ ಉಂಟು, ಹಸಿವು ಮಗುವಿಗೆ ಮಾತ್ರ ಇರೋದಿಲ್ಲವಲ್ಲ.

ಹಾಗಾದರೆ ಯಾವ ಸರಿ ಸರಿ? ಚರಿತ್ರೆ ಇಷ್ಟನ್ನು ಹೇಳುತ್ತೆ: ಆರು ತಿಂಗಳು ತುಂಬಿ, ಕತ್ತು ನಿಂತು, ಆಸರೆ ಕೊಟ್ಟರೆ ಕೂರೋ ಮಗುವಿಗೆ ತಡ ಮಾಡದೆ ಕೊಟ್ಟದ್ದು. ಮೊಳಕೆ ರಾಗಿಯ ಜೊತೆ ಬೇಳೆ, ಸೊಪ್ಪು, ಒಂದು ತೊಟ್ಟು ಎಣ್ಣೆಯೋ ತುಪ್ಪವೋ, ಹುಳಿಗೆ ಒಂದೆರಡು ಹನಿ ನಿಂಬೆ, ತಿನ್ನೋ ಮನೆಯಾದರೆ ಮೊಟ್ಟೆ ಸೇರಿದ್ದು. ರಾಗಿಯೊಂದೇ ಅಂದರೆ ಸಿಸಿಲಿ ವಿಲಿಯಮ್ಸ್ ಕಂಡ ಜೋಳದ ಗಂಜಿಯ ಕಥೆಯೇ. ಬಟ್ಟಲು ಬೆಳ್ಳಿಯದೋ ಪ್ಲಾಸ್ಟಿಕ್ಕಿನದೋ ಮಗುವಿಗೆ ಗೊತ್ತಾಗೋದಿಲ್ಲ. ಬಟ್ಟಲು ಹಿಡಿದು ಕೂತವರಿಗೆ ಮುಕ್ಕಾಲು ಗಂಟೆ ಬಿಡುವಿದೆಯೋ ಇಲ್ಲವೋ ಅನ್ನೋದು ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತೆ.